ಕೆಮ್ಮಣ್ಣು ಕೆಂಪಾಗಿಯೇ ಬರಲಿ

ಮರಿಯಮ್ಮನಹಳ್ಳಿಯಲ್ಲಿ ಕೂತು ದೂರದ ಲ್ಯಾಬಿಗೆ ಫೈಲ್ ಕಳಿಸಿ, ಕೊರಿಯರಿನಲ್ಲಿ ಪ್ರಿಂಟ್ ತರಿಸಿಕೊಳ್ಳುವುದು ಈಗ ಕಷ್ಟವೇನಲ್ಲ. ಯಾವ ಲ್ಯಾಬು ಎಂಬುದೇ ಕಷ್ಟ. ಹೆಚ್ಚಿನವರು ದರ ನೋಡುತ್ತಾರೆ, ಪೇಪರಿನ ಹೆಸರು ನೋಡುತ್ತಾರೆ. ಆದರೆ ಫೋಟೋ ಪೇಪರ್ ತಯಾರಿಸುವ ಕಂಪನಿಗಳೇ ಬೆರಳೆಣಿಕೆಯಷ್ಟು. ಫ್ಯೂಜಿಯದೇ ಪೇಪರು ಹತ್ತು ಲ್ಯಾಬುಗಳಲ್ಲಿ ಸಿಕ್ಕೀತು. ನಾಲ್ಕು ಪ್ರಿಂಟ್ ತರಿಸುವವರಿಗೆ ದರದಲ್ಲಿ ಉಳಿದದ್ದು ಕೊರಿಯರ್ ಖರ್ಚಿಗೇ ಹೋಗುತ್ತದೆ. ಹಾಗಾಗಿ ಮೊದಲು ಕೇಳಬೇಕಾದ್ದು ಒಂದೇ: ನಮ್ಮ ಫೈಲಿನ ಬಣ್ಣ ಮುಟ್ಟದೆ ಪ್ರಿಂಟ್ ಹಾಕಿಕೊಡುತ್ತೀರಾ?

ಈ ಪ್ರಶ್ನೆ ಎಲ್ಲ ಊರಿನವರಿಗಿಂತ ನಮಗೆ ಹೆಚ್ಚು ಬೇಕು. ಕೊಡಕ್ ಕಂಪನಿಯ ರಾಲ್ಫ್ ಇವಾನ್ಸ್ ಎಂಬಾತ 1951ರಲ್ಲಿ ಪಡೆದ ಪೇಟೆಂಟಿನ ಹಿಂದೆ ಒಂದು ಸರಳ ಊಹೆ ಇತ್ತು: ಯಾವುದೇ ಚಿತ್ರದ ಎಲ್ಲ ಬಣ್ಣಗಳನ್ನೂ ಕಲಸಿದರೆ ಸುಮಾರಾಗಿ ಬೂದು ಬಣ್ಣ ಬರಬೇಕು; ಬಾರದಿದ್ದರೆ ಪ್ರಿಂಟಿನಲ್ಲಿ ಅದನ್ನು ಸರಿಪಡಿಸಬೇಕು. ಪ್ರಿಂಟ್ ಹಾಕುವ ಯಂತ್ರಗಳು ಆಮೇಲೆ ಎಷ್ಟೋ ಜಾಣವಾದವು, ಆದರೂ ಆ ಹಳೆಯ ಊಹೆ ಪೂರಾ ಬಿಟ್ಟುಹೋಗಿಲ್ಲ. ಹಸಿರು, ನೀಲಿ, ಮಣ್ಣು ಎಲ್ಲ ಹದವಾಗಿ ಬೆರೆತ ನೋಟಕ್ಕೆ ಅದು ಒಗ್ಗುತ್ತದೆ. ಸಂಡೂರಿನ ದಾರಿಯ ಫೋಟೋದಲ್ಲಿ ಮುಕ್ಕಾಲು ಪಾಲು ಕೆಂಪೇ ಇರುತ್ತದೆ. ಯಂತ್ರ ಅದನ್ನು ದೋಷವೆಂದು ಓದಿ ಎದುರು ಬಣ್ಣ ಸುರಿಯುತ್ತದೆ. ಅದಿರಿನ ಮಣ್ಣು ಮಂಕು ಕಂದಾಗಿ, ಅದರ ಮೇಲೆ ನಡೆಯುವ ಮುದುಕನ ಬಿಳಿ ಪಂಚೆಗೆ ನೀಲಿ-ಹಸಿರಿನ ಛಾಯೆ ಅಂಟುತ್ತದೆ. ಜೋಗತಿಯರ ಭಂಡಾರದ ಹಳದಿಗೂ ಇದೇ ಗತಿ. ನಾಟಕದ ಊರಾದ ನಮ್ಮಲ್ಲಿ ಇನ್ನೊಂದು ಪೀಡೆ: ಕಪ್ಪು ಪರದೆಯ ಮುಂದೆ ಒಬ್ಬನೇ ಪಾತ್ರಧಾರಿ ನಿಂತಿದ್ದರೆ ಯಂತ್ರ ಆ ಕತ್ತಲನ್ನು ಬೆಳಗಿಸಲು ಹೋಗಿ ಬಣ್ಣ ಹಚ್ಚಿದ ಮುಖವನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ.

ಜನರಿಗೆ ಬೇಕಿರುವುದೇ ಆ ಸರಿಪಡಿಸುವಿಕೆ ಅನ್ನುವವರಿದ್ದಾರೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಹುಟ್ಟುಹಬ್ಬದ ಫೋಟೋಗೆ ಅದು ಉಪಕಾರವೇ, ಒಪ್ಪುತ್ತೇನೆ. ಹೊಸಪೇಟೆಯ ಸ್ಟುಡಿಯೋ ಇರುವಾಗ ಕೊರಿಯರ್ ಯಾಕೆ ಎಂಬ ಮಾತಿಗೂ ತೂಕವಿದೆ. ಅಲ್ಲಿ ಪಕ್ಕದಲ್ಲೇ ನಿಂತು ‘ಇನ್ನೊಂಚೂರು ಡಾರ್ಕ್ ಮಾಡ್ರಿ’ ಅನ್ನಬಹುದು. ಪಾಸ್‌ಪೋರ್ಟ್ ಸೈಜಿಗೂ ಮನೆಯ ಆಲ್ಬಮಿಗೂ ಅಲ್ಲಿಗೇ ಹೋಗಿ. ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೆ, ಪ್ರದರ್ಶನಕ್ಕೆ ದೂರದ ಲ್ಯಾಬು ಬೇಕಾಗುತ್ತದೆ. ಅಲ್ಲಿ ಪಕ್ಕದಲ್ಲಿ ನಿಲ್ಲಲಾಗದು ಎಂಬುದಕ್ಕೇ ಈ ಪ್ರಶ್ನೆ.

ಚಂದ ಕಂಡರೆ ಸಾಲದೆ, ನಿಜದ ಬಣ್ಣದ ಹಟ ಏಕೆ? ಇದೇ ಗಟ್ಟಿ ಆಕ್ಷೇಪ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದ. ಅವನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ; ಇಂದು ಅದಿಲ್ಲ. ಚಂದಕ್ಕೆಂದು ಯಾರಾದರೂ ಆ ಇಟ್ಟಿಗೆಯನ್ನು ತಿದ್ದಿ ಅಳಿಸಿದ್ದರೆ ನಮಗೆ ಗೊತ್ತಾಗುವ ದಾರಿಯೇ ಇರುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚೆ ನಮ್ಮ ರಸ್ತೆಬದಿಯ ಬೇವಿನೆಲೆಯ ಮೇಲೂ ಕೆಂಪು ಧೂಳು ಕೂತಿರುತ್ತಿತ್ತು. ಆ ಎಲೆಗಳನ್ನು ಯಂತ್ರ ಹಸಿರು ಮಾಡಿಕೊಟ್ಟರೆ ಅದು ಸುಳ್ಳು ಸಾಕ್ಷಿ.

ಪರೀಕ್ಷೆ ಸುಲಭ. ಕೆಮ್ಮಣ್ಣಿನದೇ ಒಂದು ಫೈಲನ್ನು ಎರಡು ಸಲ ಕಳಿಸಿ: ಒಮ್ಮೆ ‘ಕರೆಕ್ಷನ್ ಬೇಕು’ ಎಂದು, ಒಮ್ಮೆ ‘ಬೇಡ’ ಎಂದು ಬರೆದು. ಬಂದದ್ದನ್ನು ಹಗಲು ಬೆಳಕಿನಲ್ಲಿ, ಜಗಲಿಯ ನೆರಳಲ್ಲಿ ನೋಡಿ. ಎರಡೂ ಒಂದೇ ಥರ ಇದ್ದರೆ ನೀವು ಬರೆದದ್ದನ್ನು ಯಾರೂ ಓದಿಲ್ಲವೆಂದೇ ಅನುಮಾನಿಸಿ. ಪ್ರಿಂಟ್ ಕಪ್ಪಾಯಿತೆಂದು ಮಾತ್ರ ಲ್ಯಾಬನ್ನು ಬೈಯಬೇಡಿ. ಮೊಬೈಲಿನ ಸ್ಕ್ರೀನ್ ಬೆಳಕನ್ನು ಪೂರ್ತಿ ಏರಿಸಿಕೊಂಡು ನೋಡಿದ್ದು ನಾವೇ. ಅಳತೆಯನ್ನೂ ನೀವೇ ಕತ್ತರಿಸಿ ಕಳಿಸಿ. ಸಾಮಾನ್ಯ ಮೊಬೈಲ್ ಫೋಟೋವನ್ನು 4x6ಕ್ಕೆ ತುಂಬಿಸಿದರೆ ಒಂಬತ್ತರಲ್ಲೊಂದು ಪಾಲು ಹೋಗುತ್ತದೆ. ಅಡ್ಡ ಫೋಟೋದಲ್ಲಿ ಅದು ವಿರೂಪಾಕ್ಷ ಗೋಪುರದ ಕಳಶವೇ ಆಗಿರಬಹುದು.

ಫೋನ್ ಮಾಡಿದಾಗ ‘ಮಷಿನ್ ಎಲ್ಲ ತಾನೇ ನೋಡಿಕೊಳ್ಳುತ್ತೆ ಸಾರ್’ ಎಂದು ಅಭಿಮಾನದಿಂದ ಹೇಳುವ ಲ್ಯಾಬಿಗೆ ಹುಟ್ಟುಹಬ್ಬದ ಫೋಟೋಗಳನ್ನಷ್ಟೇ ಕಳಿಸಿ.