ಮೇಜಿನ ಮೇಲೆ ಎತ್ತುಗಳಿಲ್ಲ

ಕಳೆದ ಮಳೆಗಾಲದ ಒಂದು ಭಾನುವಾರ ಬೆಂಗಳೂರಿನ ಗೆಳೆಯನೊಬ್ಬನ ಮನೆಯ ಊಟದ ಮೇಜಿನ ಮೇಲೆ ಲಾರ್ಡ್ ಕಾರ್ನ್‌ವಾಲಿಸ್ ಅರಕೆರೆಯ ಕದನ ಗೆದ್ದ. ಮೇಜಿಗೆ ಹಸಿರು ಬಟ್ಟೆ ಹೊದಿಸಿ, ಅದರಡಿ ದಪ್ಪ ಪುಸ್ತಕ ತುರುಕಿ ಗುಡ್ಡ ಎಬ್ಬಿಸಿದ್ದೆವು. ಉದ್ದನೆಯ ನೀಲಿ ರಿಬ್ಬನ್ನು ಕಾವೇರಿಯಾಗಿತ್ತು. ಹೆಬ್ಬೆರಳ ಉಗುರಿನಷ್ಟೇ ಎತ್ತರದ ಕೆಂಪಂಗಿಯ ಕಂಪನಿ ಸಿಪಾಯಿಗಳು ಒಂದು ಕಡೆ, ಹುಲಿಪಟ್ಟೆಯ ಅಂಗಿ ತೊಟ್ಟ ಟಿಪ್ಪುವಿನ ಕಾಲಾಳುಗಳು ಇನ್ನೊಂದು ಕಡೆ. ಮೂರು ಗಂಟೆ ದಾಳ ಉರುಳಿಸಿದ ಮೇಲೆ ಮೈಸೂರಿನ ಸಾಲು ಮುರಿಯಿತು. ಕಾರ್ನ್‌ವಾಲಿಸನಾಗಿದ್ದ ಗೆಳೆಯ ನನ್ನ ಕೈ ಕುಲುಕಿ, ಕಾಫಿ ಹೀರುತ್ತಾ ಕೇಳಿದ: "ನಿಜವಾಗ್ಲೂ ಏನಾಯ್ತು?"

ನಿಜವಾಗಿಯೂ ಕಾರ್ನ್‌ವಾಲಿಸನೇ ಗೆದ್ದಿದ್ದ, 1791ರ ಮೇ 15ರಂದು. ಆದರೆ ಎರಡು ವಾರ ತುಂಬುವ ಮೊದಲೇ ಅವನು ಶ್ರೀರಂಗಪಟ್ಟಣದ ಮುತ್ತಿಗೆಗೆಂದು ಎಳೆದು ತಂದ ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿನ ದಾರಿ ಹಿಡಿದ. ತೋಪು ಎಳೆಯುವ ಎತ್ತುಗಳು ರೋಗಕ್ಕೂ ಮೇವಿಲ್ಲದೆಯೂ ಸತ್ತುಬಿದ್ದಿದ್ದವು. ದಂಡಿಗೆ ಕಾಳಿರಲಿಲ್ಲ. ಮಳೆ ಹಿಡಿದು ಹೊಳೆ ಏರತೊಡಗಿತ್ತು. ಅವನನ್ನು ಕೂಡಿಕೊಳ್ಳಲು ಮಲಬಾರಿನ ಕಡೆಯಿಂದ ಕೊಡಗು ಹಾದು ಪಿರಿಯಾಪಟ್ಟಣಕ್ಕೆ ಬಂದಿದ್ದ ಜನರಲ್ ಅಬರ್‌ಕ್ರಾಂಬಿಯೂ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕಾಯಿತು. "ಏನಪ್ಪಾ ಇದು, ಗೆದ್ದೋನೇ ತನ್ನ ತೋಪು ಒಡ್ಕೋಬೇಕಾ?" ಎಂದು ಗೆಳೆಯ ನಕ್ಕ. ನಾವು ನಿಯಮದ ಪುಸ್ತಕ ತಿರುವಿ ಹಾಕಿದೆವು. ಅದರಲ್ಲಿ ಎತ್ತು ಎನ್ನುವ ಶಬ್ದವೇ ಇರಲಿಲ್ಲ.

ಪುಟ್ಟ ಸೈನಿಕರ ದಂಡು ಕಟ್ಟಿ ಇತಿಹಾಸದ ಕದನಗಳನ್ನು ಮೇಜಿನ ಮೇಲೆ ಆಡುವ ಈ ಹವ್ಯಾಸದ ಬಗ್ಗೆ ನನಗೆ ಬಹಳ ಪ್ರೀತಿಯಿದೆ. ಅದರ ಅಳತೆಗೋಲನ್ನು ಮಾತ್ರ ಆ ಎತ್ತಿನಿಂದಲೇ ತೆಗೆದುಕೊಳ್ಳುತ್ತೇನೆ. ಯುದ್ಧದ ಆಟವೊಂದು ಯುದ್ಧದ ಎಷ್ಟು ಭಾಗವನ್ನು ಮೇಜಿಗೆ ತರುತ್ತದೆ, ಎಷ್ಟನ್ನು ಕೆಳಗೆ ಬಿಡುತ್ತದೆ?

ಆಟದ ಬೇರು ನಮ್ಮ ಚತುರಂಗದಲ್ಲಿದೆ. ರಥ, ಗಜ, ತುರಗ, ಪದಾತಿಗಳ ಆ ಆಟ ಪರ್ಷಿಯಾ, ಅರಬ್ ನಾಡು ಹಾದು ಯುರೋಪು ಸೇರಿ ಚೆಸ್ ಆಯಿತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್ವಿಗ್ ಎಂಬಾತ ಆ ಚೆಸ್ ಹಾಸನ್ನೇ ಹಿಗ್ಗಿಸಿ, ನೂರಾರು ಚೌಕಗಳ ಮೇಲೆ ಗುಡ್ಡ, ನದಿ, ಊರು ಬಿಡಿಸಿದ. 1824ರಲ್ಲಿ ಪ್ರಷ್ಯಾದ ಯುವ ಅಧಿಕಾರಿ ರೈಸ್‌ವಿಟ್ಸ್ ಚೌಕಗಳನ್ನೇ ಅಳಿಸಿಬಿಟ್ಟ. ಅವನ ಕ್ರೀಗ್ಸ್‌ಶ್ಪೀಲ್ ನಡೆಯುತ್ತಿದ್ದುದು ನಿಜವಾದ ಭೂಪಟದ ಮೇಲೆ. ಒಂದು ಸರದಿಯೆಂದರೆ ಎರಡು ನಿಮಿಷದ ಯುದ್ಧ. ಇಬ್ಬರು ಆಟಗಾರರ ನಡುವೆ ಒಬ್ಬ ತೀರ್ಪುಗಾರ ಕೂತು, ಶತ್ರುವಿನ ಯಾವ ತುಕಡಿ ಯಾರ ಕಣ್ಣಿಗೆ ಬೀಳುತ್ತದೋ ಅದನ್ನಷ್ಟೇ ಅವರಿಗೆ ತೋರಿಸುತ್ತಿದ್ದ. ಇದನ್ನು ನೋಡಿದ ಪ್ರಷ್ಯನ್ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಲು ಉದಾಸೀನನಾಗಿದ್ದು, ಆಮೇಲೆ ಉತ್ಸಾಹದಿಂದ ಸೇನೆಗೇ ಶಿಫಾರಸು ಮಾಡಿದ. ಆಟ ಪಾಠವಾದದ್ದು ಆಗ. ಅದು ಮತ್ತೆ ಆಟವಾಗಲು ಒಬ್ಬ ಕಾದಂಬರಿಕಾರ ಬೇಕಾಯಿತು.

ಎಚ್.ಜಿ. ವೆಲ್ಸ್‌ನ 'ಲಿಟಲ್ ವಾರ್ಸ್' ಪ್ರಕಟವಾದದ್ದು 1913ರಲ್ಲಿ. ಇಂಗ್ಲೆಂಡಿನ ಕಡಲ ದಂಡೆಯ ಸ್ಯಾಂಡ್‌ಗೇಟ್‌ನ ಅವನ ಮನೆಯಲ್ಲಿ, ಊಟ ಮುಗಿದ ಹೊತ್ತಿನಲ್ಲಿ, ಗೆಳೆಯನೊಬ್ಬ ಆಟಿಕೆಯ ತೋಪಿನಿಂದ ಸೀಸದ ಸೈನಿಕನಿಗೆ ಗುರಿಯಿಟ್ಟದ್ದೇ ಪುಸ್ತಕದ ಹುಟ್ಟು. ಸ್ಪ್ರಿಂಗ್ ಒತ್ತಿದರೆ ಮರದ ಸಣ್ಣ ತುಂಡು ಹಾರಿ ಹೋಗಿ ಬಡಿಯುವ ತೋಪು ಅದು. ಆಗ ಬ್ರಿಟನ್ಸ್ ಕಂಪನಿಯ ಟೊಳ್ಳು ಎರಕದ ಸೈನಿಕರು ಇಂಗ್ಲೆಂಡಿನ ಮಧ್ಯಮ ವರ್ಗದ ಮನೆಮನೆಯಲ್ಲೂ ಇದ್ದರು. ಆ ಸೈನಿಕರಿಗೆ ವೆಲ್ಸ್ ನಿಯಮ ಬರೆದ. ಕಾಲಾಳು ಒಂದು ಸರದಿಗೆ ಒಂದು ಅಡಿ, ಸವಾರ ಎರಡು ಅಡಿ. ತೋಪಿನ ಪಕ್ಕ ಕನಿಷ್ಠ ನಾಲ್ಕು ಜನರಿಲ್ಲದಿದ್ದರೆ ಅದು ಹಾರುವಂತಿಲ್ಲ, ಕದಲುವಂತಿಲ್ಲ. ಕೈಕೈ ಮಿಲಾಯಿಸಿದಾಗ ತಲೆಗೆ ತಲೆ ಲೆಕ್ಕ. ಪ್ರತಿ ಸರದಿಗೂ ಗಡಿಯಾರದ ಗಡುವು.

ಗದ್ಯವಾಗಿ ನೋಡಿದರೆ ಪುಸ್ತಕ ಇಂದಿಗೂ ಸೊಗಸು. ದೊಡ್ಡವನೊಬ್ಬ ನೆಲದ ಮೇಲೆ ಮಂಡಿಯೂರಿ ಕೂತು, ಅತಿಥಿಗಳೆದುರು ನಾಚದೆ, ತನ್ನ ಜನರಲ್‌ಗಿರಿಯನ್ನು ತಾನೇ ಗೇಲಿ ಮಾಡಿಕೊಳ್ಳುವ ಹಗುರ ಅದರಲ್ಲಿದೆ. ಹುಕ್ಸ್ ಫಾರ್ಮ್ ಎಂಬ ಕಲ್ಪಿತ ಕದನವನ್ನು ಛಾಯಾಚಿತ್ರಗಳ ಸಮೇತ, ಜನರಲ್‌ನೊಬ್ಬನ ಆತ್ಮಕಥೆಯ ಧಾಟಿಯಲ್ಲಿ ಹೇಳುವ ಅಧ್ಯಾಯ ವಿಡಂಬನೆಯಾಗಿ ಸೊಗಸಾಗಿದೆ. ಹನ್ನೆರಡರಿಂದ ನೂರೈವತ್ತು ವರ್ಷದ ಹುಡುಗರಿಗೆ ಎಂದು ಶೀರ್ಷಿಕೆಯಲ್ಲೇ ಸಾರುವ ಪುಸ್ತಕ, ಹುಡುಗಿಯರಿಗೆ ಮಾತ್ರ 'ಬುದ್ಧಿವಂತೆಯರಾಗಿದ್ದರೆ' ಎಂಬ ಷರತ್ತು ಹಾಕುತ್ತದೆ. ಆ ಕಾಲದ ಗಂಡಸಿನ ಜಂಬ ಅದು, ಈಗ ಓದಿದರೆ ನಗು ಬರುತ್ತದೆ.

ಪುಸ್ತಕದ ಕೊನೆಗೆ ವೆಲ್ಸ್ ಒಂದು ದೊಡ್ಡ ಮಾತು ಆಡುತ್ತಾನೆ. ಈ ಚಿಕ್ಕ ಯುದ್ಧವನ್ನು ಮೂರು ನಾಲ್ಕು ಬಾರಿ ಆಡಿದವನಿಗೆ ದೊಡ್ಡ ಯುದ್ಧ ಎಂಥ ಎಡವಟ್ಟಿನ ಕೆಲಸ ಎಂದು ತಾನಾಗಿ ತಿಳಿಯುತ್ತದೆ, ಯುದ್ಧಪ್ರಿಯರನ್ನೆಲ್ಲ ಒಂದು ಕೋಣೆಗೆ ತಳ್ಳಿ ಇದನ್ನೇ ಆಡಿಸಿದರೆ ಲೋಕಕ್ಕೆ ನೆಮ್ಮದಿ ಎಂಬುದು ಅವನ ವಾದದ ತಿರುಳು. ಮರುವರ್ಷವೇ, 1914ರ ಆಗಸ್ಟಿನಲ್ಲಿ, ದೊಡ್ಡ ಯುದ್ಧ ಬಂದೇಬಿಟ್ಟಿತು. ವೆಲ್ಸ್ ಅದನ್ನು ಯುದ್ಧಕ್ಕೇ ಕೊನೆ ಹಾಡುವ ಯುದ್ಧ ಎಂದು ಕರೆದು, ಬೆಂಬಲಿಸಿ, ಅದೇ ಹೆಸರಿನ ಪುಸ್ತಕ ಬರೆದ. ತನ್ನ ಮದ್ದು ತನಗೇ ನಾಟಲಿಲ್ಲ.

ಯಾಕೆ ನಾಟಲಿಲ್ಲ? ಉತ್ತರ ಪುಸ್ತಕದ ಅನುಬಂಧದಲ್ಲಿದೆ. ಸೇನೆಯ ಅನುಭವಿಗಳ ಜತೆ ಚರ್ಚಿಸಿದ ಮೇಲೆ, ಆಟವನ್ನು ನಿಜಕ್ಕೆ ಹತ್ತಿರ ತರಬೇಕೆಂದರೆ ಸರಬರಾಜಿನ ಬಂಡಿಗಳು ಬೇಕು, ಸೇತುವೆ ಕಟ್ಟುವವರು ಬೇಕು ಎಂದು ವೆಲ್ಸ್ ಅಲ್ಲಿ ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡು ಅದನ್ನೆಲ್ಲ ಅನುಬಂಧದಲ್ಲೇ ಬಿಟ್ಟುಬಿಡುತ್ತಾನೆ. ಯುದ್ಧ ಅಸಹ್ಯವೆನಿಸಲು ಬೇಕಾದದ್ದು ಹಸಿವು, ಕೆಸರು, ಕಾಯುವಿಕೆ. ಆಟದ ನಡುವೆ ಇದ್ದದ್ದು ತೋಪು ಹಾರಿಸುವ ಮೋಜು. ಮೋಜು ಉಣಬಡಿಸಿದವನು ಅಸಹ್ಯ ಹುಟ್ಟಲಿ ಎಂದು ಕಾದರೆ ಹೇಗೆ?

ಎರಡನೇ ಮಹಾಯುದ್ಧದ ಮೇಲೆ ಹವ್ಯಾಸಕ್ಕೆ ಹೊಸ ಜೀವ ಬಂತು. 1957ರಲ್ಲಿ ಕ್ಯಾಲಿಫೋರ್ನಿಯಾದ ಜ್ಯಾಕ್ ಸ್ಕ್ರೂಬಿ ಇದಕ್ಕಾಗಿಯೇ ಒಂದು ಪತ್ರಿಕೆ ಹೊರಡಿಸಿದ. 1962ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ 'ವಾರ್ ಗೇಮ್ಸ್' ಬರೆದ. ಅವನು ಟ್ಯಾಂಕ್ ದಳದಲ್ಲಿ ಯುದ್ಧ ಕಂಡವನು, ವೃತ್ತಿಯಿಂದ ಫಿಸಿಯೊಥೆರಪಿಸ್ಟ್. ತೋಪಿನ ಮರದ ತುಂಡಿನ ಜಾಗಕ್ಕೆ ದಾಳ ಬಂದಿತ್ತು, ದುಬಾರಿ ಸೀಸದ ಸೈನಿಕರ ಪಕ್ಕದಲ್ಲಿ ಏರ್‌ಫಿಕ್ಸ್‌ನ ಅಗ್ಗದ ಪ್ಲಾಸ್ಟಿಕ್ ಸೈನಿಕರು ಬಂದು ನಿಂತಿದ್ದರು. ಶಾಲೆಯ ಹುಡುಗನೂ ಕಿಸೆಗಾಸಿನಲ್ಲಿ ಒಂದು ಪಟಾಲಂ ಕಟ್ಟಬಹುದಾಯಿತು. ಆಮೇಲಿನ ಒಂದೆರಡು ದಶಕದಲ್ಲಿ ನಿಯಮಗಳು ಉಬ್ಬುತ್ತಾ ಹೋದವು. ಪುಟಗಟ್ಟಲೆ ಕೋಷ್ಟಕ, ಒಂದು ಸರದಿಗೆ ಅರ್ಧ ಗಂಟೆ. ಕದನ ಆಡುವವರು ಲೆಕ್ಕಪತ್ರದ ಗುಮಾಸ್ತರಂತೆ ಕಾಣತೊಡಗಿದರು.

ಆ ಕಾಯಿಲೆಗೆ ಮದ್ದು 1990ರಲ್ಲಿ ಫಿಲ್ ಬಾರ್ಕರ್ ಮತ್ತು ಸಂಗಡಿಗರ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ರೂಪದಲ್ಲಿ ಬಂತು. ಆಟಗಾರರ ಬಾಯಲ್ಲಿ ಅದು ಡಿಬಿಎ. ಪ್ರಾಚೀನ ಮತ್ತು ಮಧ್ಯಯುಗದ ಯಾವ ಸೇನೆಯೇ ಆಗಲಿ, ಕೇವಲ ಹನ್ನೆರಡು ತುಕಡಿ. ಎರಡಡಿ ಚೌಕದ ಮೈದಾನ. ಒಂದು ಗಂಟೆಯಲ್ಲಿ ಕದನ ಮುಗಿದು ಊಟಕ್ಕೆ ಏಳಬಹುದು. ಅದರ ನಿಜವಾದ ಜಾಣ್ಮೆ ಒಂದೇ ಒಂದು ದಾಳದಲ್ಲಿದೆ. ಪ್ರತಿ ಸರದಿಯ ಆರಂಭದಲ್ಲಿ ದಾಳ ಹಾಕಬೇಕು, ಎಷ್ಟು ಬಿತ್ತೋ ಅಷ್ಟೇ ಚಲನೆಗಳಿಗೆ ಅಪ್ಪಣೆ. ಒಂದು ಬಿದ್ದರೆ ಬಲಗಡೆಯ ಕುದುರೆಗಳನ್ನು ನುಗ್ಗಿಸುವುದೋ, ಎಡಗಡೆ ಕುಸಿಯುತ್ತಿರುವ ಸಾಲನ್ನು ಹಿಂದೆಗೆಯುವುದೋ ಎಂದು ಆರಿಸಿಕೊಂಡು ಕೈ ಕಟ್ಟಿ ಕೂರಬೇಕು. ಒತ್ತೊತ್ತಾಗಿ ನಿಂತ ತುಕಡಿಗಳು ಒಂದೇ ಅಪ್ಪಣೆಯಲ್ಲಿ ಚಲಿಸುತ್ತವೆ, ಚೆದುರಿದವಕ್ಕೆ ಒಂದೊಂದಕ್ಕೂ ಬೇರೆ ಅಪ್ಪಣೆ ಬೇಕು. ದಂಡನಾಯಕನ ಮಾತು ಎಲ್ಲರ ಕಿವಿಗೂ ಮುಟ್ಟುವುದಿಲ್ಲ ಎಂಬ ಸತ್ಯವನ್ನು ರೈಸ್‌ವಿಟ್ಸ್ ಒಬ್ಬ ತೀರ್ಪುಗಾರನನ್ನು ಕೂರಿಸಿ ಹೇಳಿದ, ಬಾರ್ಕರ್ ಒಂದು ದಾಳದಲ್ಲಿ ಹೇಳಿದ. ನಾನು ಆಡಿದ ನಿಯಮಗಳಲ್ಲೆಲ್ಲ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಇತಿಹಾಸ ಹೇಳಿದ್ದು ಮತ್ತೊಂದಿಲ್ಲ. ಹಿಂದೆ ಒಂದು ಪಾಳೆಯವನ್ನೂ ಇಡಬೇಕು, ಅದನ್ನು ಕಳೆದುಕೊಂಡರೆ ಸೋಲಿನ ಲೆಕ್ಕಕ್ಕೆ ಸೇರುತ್ತದೆ ಎಂಬ ನಿಯಮ ಎತ್ತಿಗೆ ಒಂದು ಸಣ್ಣ ಕೊಟ್ಟಿಗೆಯನ್ನಾದರೂ ಕೊಟ್ಟಿದೆ. ಬಹಳ ಜನ ಆ ಪಾಳೆಯವನ್ನು ಡೇರೆ, ಒಲೆ, ಅಡುಗೆಯವರಿಂದ ಸೇನೆಗಿಂತ ಚೆಂದವಾಗಿ ಸಿಂಗರಿಸುತ್ತಾರೆ.

ಆಟಕ್ಕೆ ಮುಂಚಿನ ಕೆಲಸದ ಬಗ್ಗೆಯೂ ಒಂದು ಮಾತು, ಯಾಕೆಂದರೆ ಹವ್ಯಾಸದ ಮುಕ್ಕಾಲು ಪಾಲು ಅದೇ. ಎರಕದ ಗೊಂಬೆಯ ಅಂಚನ್ನು ಅರದಿಂದ ಉಜ್ಜಿ, ಪ್ರೈಮರ್ ಹೊಡೆದು, ಮೂಲ ಬಣ್ಣ ಹಚ್ಚಿ, ತೆಳು ಕಂದು ನೀರುಬಣ್ಣವನ್ನು ಬಟ್ಟೆಯ ಮಡಿಕೆಗಳಿಗೆ ಇಳಿಯಬಿಟ್ಟು, ಒಣಗಿದ ಮೇಲೆ ಒಣ ಕುಂಚದಿಂದ ಉಬ್ಬುಗಳನ್ನು ಸವರಬೇಕು. ಕೊನೆಗೆ ಪೀಠಕ್ಕೆ ಅಂಟು ಬಳಿದು ಜರಡಿ ಹಿಡಿದ ಮರಳು ಉದುರಿಸಬೇಕು. ಟಿಪ್ಪುವಿನ ಒಂದು ತುಕಡಿಯ ಹುಲಿಪಟ್ಟೆ ಮುಗಿಸಲು ನನಗೆ ಹದಿನೈದು ರಾತ್ರಿ ಹಿಡಿದಿದೆ. ಆ ರಾತ್ರಿಗಳಲ್ಲಿ ಪೇಟ ಸುತ್ತುವ ರೀತಿಗೆಂದು, ನಡುಕಟ್ಟಿನ ಬಣ್ಣಕ್ಕೆಂದು ಓದಿದಷ್ಟು ಇತಿಹಾಸವನ್ನು ನಾನು ಪರೀಕ್ಷೆಗೂ ಓದಿದವನಲ್ಲ. ಗೆಳೆತನಕ್ಕೂ ಇದು ಒಳ್ಳೆಯ ಬುನಾದಿ. ಇನ್ನೊಬ್ಬನ ಹದಿನೈದು ರಾತ್ರಿಯನ್ನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕಿಡುವಾಗ ಸೋಲಿಸುವವನ ಕೈಯೂ ಮೃದುವಾಗುತ್ತದೆ.

ಆದರೆ ಈ ಚೆಲುವಿನಲ್ಲೇ ತೊಡಕೂ ಇದೆ. ಬಣ್ಣ ಹಚ್ಚಿದ ಸೈನಿಕ ಸಾಯುವುದಿಲ್ಲ, ಡಬ್ಬಿಗೆ ಹೋಗುತ್ತಾನೆ. ಗಾಯಾಳುಗಳಿಲ್ಲ, ಹೆಣ ಹೊರುವವರಿಲ್ಲ, ಊರಿನ ಮನೆಯೆಂದರೆ ಅಡಗಿ ಗುಂಡು ಹಾರಿಸಲು ಒಂದು ಮರೆ ಅಷ್ಟೆ. ವಸಾಹತು ಕಾಲದ ಕದನಗಳ ನಿಯಮಗಳಲ್ಲಂತೂ ಇನ್ನೊಂದು ಕೊಂಕು ಎದ್ದು ಕಾಣುತ್ತದೆ. ಯುರೋಪಿಯನ್ ಪಟಾಲಮ್ಮಿಗೆ ಎದೆಗಾರಿಕೆಯ ಅಂಕ ಹೆಚ್ಚು, ಎದುರಾಳಿ ದಂಡಿಗೆ ಕಡಿಮೆ, ಅದರ ಬಲವೆಲ್ಲ ತಲೆಯೆಣಿಕೆಯಲ್ಲಿ. ಫ್ರೆಂಚರಿಂದ ಕವಾಯತು ಕಲಿತ, ಲೋಹದ ಕೊಳವೆಯ ರಾಕೆಟ್ಟುಗಳನ್ನು ಹಾರಿಸಿದ ಮೈಸೂರಿನ ಸೇನೆಯನ್ನು ಅಂಥ ಅಚ್ಚಿಗೆ ಹಾಕಿದರೆ ಫಲಿತಾಂಶ ದಾಳ ಬೀಳುವ ಮೊದಲೇ ಬರೆದಿಟ್ಟಂತೆ. ಗೆದ್ದವರ ವರದಿಗಳಿಂದ ಕಟ್ಟಿದ ನಿಯಮ ಗೆದ್ದವರನ್ನೇ ಮತ್ತೆ ಗೆಲ್ಲಿಸುತ್ತದೆ.

ನಮ್ಮ ಕಡೆಯ ದಸರಾ ಗೊಂಬೆಗಳ ನೆನಪು ನನಗೆ ಬರುವುದು ಇಲ್ಲಿಯೇ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ ಇದೆ, ಆನೆ, ಕುದುರೆ, ಸಿಪಾಯಿಗಳೂ ಇದ್ದಾರೆ. ಆದರೆ ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ದಂಪತಿ ಕೂತಿರುತ್ತಾರೆ, ಅವರೆದುರು ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಪಕ್ಕದ ತಟ್ಟೆಯಲ್ಲಿ ಅಜ್ಜಿ ಮೊಳೆಸಿದ ರಾಗಿಯ ಪೈರು. ರಾಜ್ಯವೆಂದರೆ ದಂಡು ಮಾತ್ರ ಅಂತ ಆ ಅಜ್ಜಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮೈಸೂರಿನ ಯುದ್ಧಗಳನ್ನು ಆ ಕೆಳಮೆಟ್ಟಿಲು ಬಿಟ್ಟು ಹೇಳುವುದು ಸಾಧ್ಯವೇ ಇಲ್ಲ. ಹೈದರ್ ಮತ್ತು ಟಿಪ್ಪುವಿನ ದಂಡುಗಳ ವೇಗದ ಹಿಂದೆ ಇದ್ದದ್ದು ಅಮೃತಮಹಲ್ ಎತ್ತುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಗೆ ಆ ಹೆಸರಿಟ್ಟವನು ಟಿಪ್ಪು. ಕಾರ್ನ್‌ವಾಲಿಸ್ 1792ರ ಫೆಬ್ರವರಿಯಲ್ಲಿ ಮರಾಠರು ಮತ್ತು ನಿಜಾಮನ ಜತೆ ಮತ್ತೆ ಶ್ರೀರಂಗಪಟ್ಟಣಕ್ಕೆ ಬಂದು ಅರ್ಧ ರಾಜ್ಯ ಬರೆಸಿಕೊಂಡನಲ್ಲ, ಆಗ ಅವನ ದಂಡಿಗೆ ಸಾವಿರಾರು ಎತ್ತುಗಳ ಮೇಲೆ ಕಾಳು ಹೇರಿ ತಂದವರು ಬಂಜಾರರು, ನಾವು ಲಂಬಾಣಿಗಳೆನ್ನುವ ಜನ. ಹಿಂದಿನ ವರ್ಷದ ಕದನ ಗೆದ್ದರೂ ಸಿಗದ ಊರು ಆ ವರ್ಷ ಮಣಿದದ್ದರಲ್ಲಿ ಅವರ ಹೇರುಗಳ ಪಾಲು ದೊಡ್ಡದು.

ಆ ಭಾನುವಾರದ ನಂತರ ನಾವು ಒಂದು ಮನೆನಿಯಮ ಮಾಡಿಕೊಂಡೆವು. ಪ್ರತಿ ತೋಪಿಗೂ ನಾಲ್ಕು ಎತ್ತು. ಎರಡು ಸರದಿಗೊಮ್ಮೆ ಮೇವಿನ ದಾಳ, ಒಂದು ಅಥವಾ ಎರಡು ಬಿದ್ದರೆ ಒಂದೆತ್ತು ಕಡಿಮೆ. ಎರಡೇ ಎತ್ತು ಉಳಿದ ತೋಪು ಕದಲದು. ಊರಿನ ಕಣಜ ಹಿಡಿದವನು ದಾಳವನ್ನು ಮತ್ತೆ ಹಾಕಬಹುದು, ಆದರೆ ಆ ಊರು ಸುಟ್ಟಂತೆ ಲೆಕ್ಕ, ಕೊನೆಯಲ್ಲಿ ಅದರ ಅಂಕ ಅವನ ಗೆಲುವಿನಿಂದ ಕಳೆಯುತ್ತದೆ. ಮೊದಲ ಬಾರಿ ಆಡಿದಾಗ ಆಟ ಜೋಲು ಮುಖ ಹಾಕಿತು, ನಿಜ ಹೇಳಬೇಕು. ತೋಪು ನಿಂತಲ್ಲೇ ನಿಂತು ಗೆಳೆಯ ಆಕಳಿಸಿದ. ಎರಡನೆಯ ಬಾರಿ ಅವನು ಕಣಜದ ಊರನ್ನೇ ನೋಡುತ್ತಾ ಹತ್ತು ನಿಮಿಷ ಕೈ ಮುಂದೆ ಮಾಡದೆ ಕೂತ. ವೆಲ್ಸ್ ಬಯಸಿದ ಅಸಹ್ಯದ ಒಂದು ಚೂರು ನಾನು ಈ ಹವ್ಯಾಸದಲ್ಲಿ ಕಂಡದ್ದು ಆ ಹತ್ತು ನಿಮಿಷದಲ್ಲಿ ಮಾತ್ರ.

ಹಾಗಾಗಿ ನನ್ನ ತೀರ್ಪು ಇಷ್ಟು. ಕೈಕೆಲಸವಾಗಿ, ಗೆಳೆಯರ ಕೂಟವಾಗಿ, ದಂಡನಾಯಕನ ಗೊಂದಲವನ್ನು ಕಲಿಸುವ ಪಾಠವಾಗಿ ಇದಕ್ಕೆ ಪೂರ್ಣ ಅಂಕ. ಯುದ್ಧದ ಚಿತ್ರವಾಗಿ ಅರ್ಧ ಅಂಕ, ಅದೂ ಡಿಬಿಎ ಪಾಳೆಯದ ಪುಣ್ಯದಿಂದ. ಉಳಿದರ್ಧವನ್ನು ಯಾವ ಪುಸ್ತಕವೂ ಕೊಡುವುದಿಲ್ಲ, ಆಡುವವರೇ ಸೇರಿಸಿಕೊಳ್ಳಬೇಕು. ನಮ್ಮ ಮೇಜಿಗೆ ಈಗ ಹದಿನಾರು ಬಿಳಿ ಎತ್ತುಗಳಿವೆ, ಎಂ-ಸೀಲಿನಲ್ಲಿ ತಿದ್ದಿದವು, ಕೋಡು ಕೊಂಚ ಸೊಟ್ಟ. ಹೊಸದಾಗಿ ದಂಡು ಕಟ್ಟುವವರು ಅವುಗಳಿಂದಲೇ ಶುರು ಮಾಡಲಿ. ಸೈನಿಕರಿಗೆ ಆಮೇಲೆ ಬಣ್ಣ ಹಚ್ಚಿದರಾಯಿತು.