ಗೋಡೆಯ ಮೇಲಿನ ಮರ: ಹೈದರಾಬಾದಿನ ಬೀದಿ ಭಿತ್ತಿಚಿತ್ರಗಳನ್ನು ಕುರಿತು

ಕನ್ನಡದಲ್ಲಿ ಭಿತ್ತಿಚಿತ್ರಗಳ ಚರ್ಚೆ ಬಹುಮಟ್ಟಿಗೆ ಬಾದಾಮಿ, ಹಂಪೆ, ಲೇಪಾಕ್ಷಿಗಳಲ್ಲಿಯೇ ನಿಂತಿದೆ. ರಂಗಮಂಟಪದ ಛಾವಣಿಗೆ ಸಂದ ಗಮನ ಬೀದಿಯ ಗೋಡೆಗೆ ಸಂದಿಲ್ಲ. 1956ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿಯಾಗಿದ್ದ ಹೈದರಾಬಾದು ಈ ಕೊರತೆಯನ್ನು ನೀಗಿಕೊಳ್ಳಲು ತಕ್ಕ ಸ್ಥಳ. ಕೆರೆ ಮತ್ತು ಬಂಡೆಗಳ ನಡುವೆ ಬೆಳೆದ ಊರು ಅದು. ಅಲ್ಲಿಯ ಹುಸೇನ್ ಸಾಗರವು ನಗರಕ್ಕಿಂತಲೂ ಹಳೆಯದು.

ಆ ಕೆರೆಗೆ ಸಮೀಪದ ಮಖ್ತಾ ಬಡಾವಣೆಯ ಮನೆಗಳ ಮೇಲೆ 2016ರಲ್ಲಿ ಸ್ಟಾರ್ಟ್ ಇಂಡಿಯಾ ಪ್ರತಿಷ್ಠಾನವು ಕಲಾವಿದರಿಂದ ಚಿತ್ರಗಳನ್ನು ಬರೆಸಿತು. ಈ ಗಲ್ಲಿಗಳು ಕಿರಿದು. ನೋಡುಗನು ಹಿಂದೆ ಸರಿದು ಇಡಿಯ ಚಿತ್ರವನ್ನು ಒಮ್ಮೆಗೇ ಕಾಣಲಾರ. ಅದು ತುಂಡುತುಂಡಾಗಿ, ನಡೆದಂತೆ ಕಣ್ಣಿಗೆ ಬೀಳುತ್ತದೆ. ಕಿಟಕಿ, ನೀರಿನ ಕೊಳವೆ, ಒಣಹಾಕಿದ ಬಟ್ಟೆ ಇವೆಲ್ಲ ಚಿತ್ರದೊಳಗೆ ಬಂದು ಸೇರುತ್ತವೆ. ಪ್ರದರ್ಶನಾಲಯದ ಅಳತೆಗೋಲಿನಿಂದ ಇದು ದೋಷವೆನಿಸಬಹುದು. ನನಗೆ ಇದೇ ಇಲ್ಲಿಯ ಚಿತ್ರಗಳ ಬಲವೆಂದು ತೋರುತ್ತದೆ: ಅವು ವಾಸದ ಗೋಡೆಯನ್ನು ಮರೆಸುವುದಿಲ್ಲ.

ಇದಕ್ಕೆ ವಿರುದ್ಧವಾದುದು ಮೇಲುಸೇತುವೆಗಳ ಕಂಬಗಳಿಗೆ ಬಳಿದ ನವಿಲು, ಜಿಂಕೆ, ಕಾಡುಗಳ ಚಿತ್ರ. ಕೈಚಳಕದಲ್ಲಿ ಇವುಗಳಲ್ಲಿ ಕೆಲವು ಉತ್ತಮವಾಗಿಯೇ ಇವೆ. ಆಕ್ಷೇಪ ಕೈಚಳಕದ ಮೇಲಲ್ಲ. ಸಿಮೆಂಟಿನ ಕಂಬವು ಮರದ ವೇಷ ತೊಟ್ಟಾಗ ಅಲ್ಲಿ ಹಿಂದೆ ಏನಿತ್ತೆಂಬ ಪ್ರಶ್ನೆಯೇ ಏಳದು. 2012ರಲ್ಲಿ ಜೀವವೈವಿಧ್ಯದ ಅಂತರರಾಷ್ಟ್ರೀಯ ಸಮ್ಮೇಳನ ಈ ನಗರದಲ್ಲಿ ನಡೆಯಿತು. ಅದರ ನೆನಪಿಗೆ ಉಳಿದ ಉದ್ಯಾನದ ಹೆಸರನ್ನು ಪಕ್ಕದ ಕೂಡುರಸ್ತೆಯೂ 2019ರ ಮೇಲುಸೇತುವೆಯೂ ಹೊತ್ತಿವೆ. ‘ಬಯೋಡೈವರ್ಸಿಟಿ’ ಎಂದರೆ ಇಂದು ಅಲ್ಲಿಯ ಆಟೋ ಚಾಲಕನಿಗೆ ವಾಹನಗಳು ಕಿಕ್ಕಿರಿಯುವ ಒಂದು ಸ್ಥಳನಾಮ. ಅಲ್ಲಿಂದ ಬಹುದೂರವಲ್ಲದ ಕಂಚ ಗಚ್ಚಿಬೌಲಿಯಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದ ಅಂಚಿನ 400 ಎಕರೆ ಕುರುಚಲು ಕಾಡಿಗೆ 2025ರ ಮಾರ್ಚ್ ಕೊನೆಯಲ್ಲಿ ಯಂತ್ರಗಳು ನುಗ್ಗಿದವು. ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ತಡೆಯಿತು. ಅಲ್ಲಿ ನೆಲೆ ಕಳೆದುಕೊಂಡದ್ದು ನಿಜದ ನವಿಲು, ನಿಜದ ಜಿಂಕೆ.

ಚಿತ್ರವು ನಿಸರ್ಗಕ್ಕೆ ಬದಲಿಯಾಗದೆ ಅದರ ಜೊತೆಗಿರುವ ಬಗೆ ದಖ್ಖನಿಗೆ ಹೊಸತಲ್ಲ. ವಿಜಯಪುರದ ಸಮೀಪ ಕುಮಟಗಿಯಲ್ಲಿ ಆದಿಲಶಾಹಿ ಕಾಲದ ಜಲಮಂಟಪಗಳಿವೆ. ಕಮಾನಿನೊಳಗೆ ಕುಸ್ತಿ, ಚೌಗಾನ್ ಆಟದ ಚಿತ್ರಗಳು; ಹೊರಗೆ ಕೆರೆ, ಕಾರಂಜಿ, ಕೊಳವೆಗಳಲ್ಲಿ ಏರಿ ಇಳಿಯುವ ನೀರು. ಗೋಡೆಯಲ್ಲಿ ನೀರನ್ನು ಬರೆಯುವ ಅಗತ್ಯವೇ ಅಲ್ಲಿ ಇರಲಿಲ್ಲ. ಚಿತ್ರಗಳು ಈಗ ಬಹುವಾಗಿ ಅಳಿಸಿವೆ.

ಬೆಂಗಳೂರಿನ ಅನುಭವವನ್ನು ಇಲ್ಲಿ ಮರೆಯುವಂತಿಲ್ಲ. 2009ರ ಹೊತ್ತಿಗೆ ರಸ್ತೆ ಅಗಲೀಕರಣಕ್ಕೆ ಸಾಲುಮರಗಳು ಉರುಳುತ್ತಿದ್ದ ದಿನಗಳಲ್ಲಿಯೇ ಅಲ್ಲಿಯ ಮಹಾನಗರ ಪಾಲಿಕೆಯು ಗೋಡೆಗಳ ಮೇಲೆ ಕಾಡುಗಳನ್ನೂ ಜಲಪಾತಗಳನ್ನೂ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಫಲಕ ಬರೆಯುವ ಕಲಾವಿದರಿಗೆ ಇದರಿಂದ ಕೂಲಿ ದೊರೆಯಿತೆಂಬುದು ಸಣ್ಣ ಮಾತಲ್ಲ. ಆದರೆ 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿಗೆ ಇಳಿಬಿಟ್ಟ ಮೊಸಳೆಯ ಪ್ರತಿಕೃತಿಯು ಆ ಎಲ್ಲ ಜಲಪಾತಗಳಿಗಿಂತ ಹೆಚ್ಚನ್ನು ಹೇಳಿತು. ಅದು ಗುಂಡಿಯನ್ನು ಮುಚ್ಚಲಿಲ್ಲ, ತೋರಿಸಿತು.

ಹೈದರಾಬಾದಿನಿಂದ ವಿಜಯಪುರದ ಕಡೆಗೆ ಹೊರಟರೆ ಚೇವೆಳ್ಳದ ಆಸುಪಾಸಿನಲ್ಲಿ ಹೆದ್ದಾರಿಯ ಇಕ್ಕೆಲಗಳಲ್ಲಿ ನೂರಾರು ಹಳೆಯ ಆಲದ ಮರಗಳು. ರಸ್ತೆ ವಿಸ್ತರಣೆಯಿಂದ ಅವನ್ನು ಉಳಿಸಲು 2019ರಿಂದ ನಾಗರಿಕರು ಹೋರಾಡುತ್ತ ಬಂದರು. ಹೆದ್ದಾರಿ ಬದಿಯ ಮರಗಳ ಕಾಂಡಕ್ಕೆ ಬಣ್ಣದ ಪಟ್ಟಿ ಬಳಿದು ಕ್ರಮಸಂಖ್ಯೆ ಬರೆಯುವುದು ನಮ್ಮಲ್ಲಿ ರೂಢಿ. ನಗರದ ಬಯಲು ಚಿತ್ರಗಳನ್ನು ಪಟ್ಟಿಮಾಡಹೊರಟ ಸಂಶೋಧಕರು ಈ ಬರಹವನ್ನೂ ಸೇರಿಸಿಕೊಳ್ಳಬೇಕು.