ವೀಕ್ಷಣೆಯ ಗಳೆ: ಜಾಹೀರಾತಿನ ವೀಡಿಯೋಗಳಲ್ಲಿ ಅಳತೆ ಮತ್ತು ರೂಪ

ಬಳ್ಳಿಗಾವೆಯ ಶಾಸನಗಳನ್ನು ಓದಿರುವವರಿಗೆ 'ಭೇರುಂಡ ಗಳೆ'ಯೆಂಬ ಮಾತು ಅಪರಿಚಿತವಾದುದಲ್ಲ. ದೇವಾಲಯಕ್ಕೆ ಇಷ್ಟು ಮತ್ತರು ಗದ್ದೆಯನ್ನು ಬಿಟ್ಟೆವೆಂದು ಬರೆಯಿಸಿದವರು ಅಷ್ಟಕ್ಕೇ ನಿಲ್ಲದೆ, ಆ ಮತ್ತರನ್ನು ಯಾವ ಗಳೆಯಿಂದ ಅಳೆಯಲಾಯಿತೆಂಬುದನ್ನೂ ಕಲ್ಲಿನ ಮೇಲೆ ಕಂಡರಿಸಿದರು. ಗಳೆಯ ಉದ್ದವು ಸೀಮೆಯಿಂದ ಸೀಮೆಗೆ ಭಿನ್ನವಾಗಿದ್ದುದರಿಂದ, ಅದರ ಹೆಸರಿಲ್ಲದ ಅಂಕಿಯು ದಾನಿಗಾಗಲಿ ಪ್ರತಿಗ್ರಾಹಿಗಾಗಲಿ ನಿಶ್ಚಿತವಾದ ಅರ್ಥವನ್ನು ಕೊಡುತ್ತಿರಲಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಕಲಿಸಲ್ಪಡುವ ಈ ಎಚ್ಚರವು, ಅದೇ ವಿದ್ಯಾರ್ಥಿಯು ತನ್ನ ಕಾಲದ ಸಾಮಗ್ರಿಯನ್ನು ಕೈಗೆತ್ತಿಕೊಂಡ ಕೂಡಲೇ ಮಾಯವಾಗುವುದನ್ನು ಕಾಣುತ್ತಿದ್ದೇವೆ. ಸಮಕಾಲೀನ ಸಮಾಜವನ್ನು ಕುರಿತು ಸಿದ್ಧವಾಗುವ ಪ್ರಬಂಧಗಳಲ್ಲಿ 'ಈ ವೀಡಿಯೋವನ್ನು ಹತ್ತು ಲಕ್ಷ ಜನರು ನೋಡಿದರು' ಎಂಬಂಥ ವಾಕ್ಯಗಳು ಹೇರಳವಾಗಿ ದೊರೆಯುತ್ತವೆ. ಹತ್ತು ಲಕ್ಷವೆಂಬುದು ಜನರ ಸಂಖ್ಯೆಯೋ, ನೋಡಿದ ಬಾರಿಗಳ ಸಂಖ್ಯೆಯೋ. ನೋಡಿದ್ದೆಂದರೆ ಎಷ್ಟು ಹೊತ್ತು. ಲೆಕ್ಕವನ್ನು ಬರೆದವರು ಯಾರು, ಯಾವ ಪ್ರಯೋಜನಕ್ಕಾಗಿ ಬರೆದರು: ಇವಾವುವನ್ನೂ ಬರೆದವನು ಕೇಳಿರುವುದಿಲ್ಲ. ಓದಿದ ಪರೀಕ್ಷಕರೂ ಕೇಳುವುದಿಲ್ಲ.

ಪ್ರೇಕ್ಷಕನು ತಾನೂ ಕೈಯಾಡಿಸಬಹುದಾದ ಮಾಧ್ಯಮಗಳಲ್ಲಿ, ಅಂದರೆ ಇಂಟರಾಕ್ಟಿವ್ ಎಂದು ಕರೆಯಲ್ಪಡುವ ಮಾಧ್ಯಮಗಳಲ್ಲಿ, ವೀಡಿಯೋವು ಜಾಹೀರಾತಿಗಾಗಿ ಬಳಕೆಯಾದ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. 'ವೀಕ್ಷಣೆ'ಯೆಂಬುದು ಮೂಲತಃ ಮಾರಾಟದ ಒಂದು ಏಕಮಾನವೆಂದೂ, ಆ ಏಕಮಾನಕ್ಕೆ ತಕ್ಕಂತೆ ಕೃತಿಯ ರೂಪವೇ ಬದಲಾಯಿತೆಂದೂ ನಾನು ತಿಳಿದಿದ್ದೇನೆ. ಹಾಗಿರುವಲ್ಲಿ, ಗಳೆಯನ್ನು ಅರಿಯದೆ ಕೃತಿಯನ್ನು ವಿಮರ್ಶಿಸುವುದು ಸಾಧ್ಯವಾಗಲಾರದು.

ಪ್ರೇಕ್ಷಕನ ಕೈಯನ್ನು ಪರದೆಯ ಕಡೆಗೆ ಎಳೆಯುವ ಯತ್ನವು ಗಣಕಯಂತ್ರಗಳ ಕಾಲದ ಹೊಸ ಸೃಷ್ಟಿಯೇನೂ ಅಲ್ಲ. ೧೯೫೩ರಿಂದ ೧೯೫೭ರವರೆಗೆ ಅಮೆರಿಕದ ಸಿ.ಬಿ.ಎಸ್. ದೂರದರ್ಶನ ಜಾಲದಲ್ಲಿ 'ವಿಂಕಿ ಡಿಂಕ್ ಅಂಡ್ ಯೂ' ಎಂಬ ಮಕ್ಕಳ ಕಾರ್ಯಕ್ರಮವು ಪ್ರಸಾರವಾಗುತ್ತಿತ್ತು. ಮಕ್ಕಳು ಐವತ್ತು ಸೆಂಟುಗಳನ್ನು ಕಳುಹಿಸಿ ತರಿಸಿಕೊಂಡ ಪಾರದರ್ಶಕವಾದ ಒಂದು ಹಾಳೆಯನ್ನು ದೂರದರ್ಶನದ ಗಾಜಿಗೆ ಅಂಟಿಸಿ, ಕಥಾನಾಯಕನು ಹಳ್ಳವನ್ನು ದಾಟಬೇಕಾದಾಗ ಅದರ ಮೇಲೆ ಬಣ್ಣದ ಕಡ್ಡಿಯಿಂದ ಸೇತುವೆಯ ಗೆರೆಯನ್ನು ಎಳೆಯಬೇಕು. ಎಳೆಯದಿದ್ದರೂ ಅವನು ದಾಟಿಯೇ ದಾಟುತ್ತಿದ್ದನೆಂಬುದು ಬೇರೆ ಮಾತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಮಗುವು ಎಳೆದ ಗೆರೆಯ ಸುದ್ದಿಯು ಪ್ರಸಾರ ಮಾಡಿದವರಿಗೆ ತಲುಪುತ್ತಲೇ ಇರಲಿಲ್ಲ. ಅವರಿಗೆ ತಿಳಿಯುತ್ತಿದ್ದುದು ಎಷ್ಟು ಹಾಳೆಗಳು ಮಾರಾಟವಾದುವೆಂಬುದು ಮಾತ್ರ. ಕ್ರಿಯೆಯು ಮನೆಯಲ್ಲಿಯೇ ಉಳಿಯಿತು, ದಾಖಲೆಯು ಅಂಗಡಿಯ ಲೆಕ್ಕದಲ್ಲಿ ಉಳಿಯಿತು.

ಅನಂತರದ ದೂರದರ್ಶನದ ಜಾಹೀರಾತುಗಳ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ದೇಶದ ದೂರದರ್ಶನದಲ್ಲಿ ಅವು ೧೯೭೬ರ ಜನವರಿಯಿಂದ ಆರಂಭವಾದುವು. ಪ್ರೇಕ್ಷಕನು ಅದನ್ನು ನೋಡಿದನೋ, ಆ ಸಮಯದಲ್ಲಿ ಎದ್ದು ಒಲೆಯ ಮೇಲಿನ ಹಾಲನ್ನು ಇಳಿಸಲು ಹೋದನೋ ಎಂಬುದು ಯಾರಿಗೂ ತಿಳಿಯುವಂತಿರಲಿಲ್ಲ. ಆರಿಸಿದ ಕೆಲವು ಮನೆಗಳಿಂದ ಇಡೀ ದೇಶದ ನೋಟವನ್ನು ಅಂದಾಜು ಮಾಡುತ್ತಿದ್ದರು. ಅಂದಾಜು ಎಂಬುದನ್ನು ಕೊಂಡವರೂ ಮಾರಿದವರೂ ಬಲ್ಲವರಾಗಿದ್ದರು.

೨೦೦೪ರಲ್ಲಿ ಬರ್ಗರ್ ಕಿಂಗ್ ಎಂಬ ಅಮೆರಿಕದ ಭೋಜನಾಲಯ ಸಂಸ್ಥೆಯು ಅಂತರಜಾಲದಲ್ಲಿ ಪ್ರಕಟಿಸಿದ 'ಸಬ್‌ಸರ್ವಿಯೆಂಟ್ ಚಿಕನ್' ಎಂಬ ಕೃತಿಯಲ್ಲಿ ಮೊದಲಬಾರಿಗೆ ಈ ಸ್ಥಿತಿಯು ಎದ್ದು ಕಾಣುವಂತೆ ಮಾರ್ಪಟ್ಟಿತು. ಕೋಳಿಯ ವೇಷವನ್ನು ತೊಟ್ಟ ಒಬ್ಬ ಮನುಷ್ಯನು ಸಾಮಾನ್ಯವಾದ ಒಂದು ಕೋಣೆಯಲ್ಲಿ ನಿಂತಿರುತ್ತಾನೆ. ನೋಡುವವನು 'ಕುಣಿ', 'ಮಲಗು' ಎಂದು ಬೆರಳಚ್ಚಿಸಿದರೆ ಅವನು ಹಾಗೆಯೇ ಮಾಡುತ್ತಾನೆ. ಆಜ್ಞೆಯನ್ನು ಆ ಕ್ಷಣದಲ್ಲಿ ಕೇಳಿ ನಡೆಸುತ್ತಿರುವನೆಂಬ ಭ್ರಮೆಯನ್ನು ಹುಟ್ಟಿಸುವಂತೆ ಚಿತ್ರವನ್ನು ಬೇಕೆಂದೇ ಒರಟಾಗಿ ತೆಗೆಯಲಾಗಿತ್ತು. ವಾಸ್ತವವಾಗಿ ಮುನ್ನೂರಕ್ಕೂ ಮಿಕ್ಕಿದ ಆಜ್ಞೆಗಳಿಗೆ ತಕ್ಕ ತುಣುಕುಗಳನ್ನು ಮೊದಲೇ ಚಿತ್ರಿಸಿ ಇಟ್ಟಿದ್ದರು. ಅಸಭ್ಯವಾದ ಆಜ್ಞೆಯನ್ನು ಕೊಟ್ಟರೆ ಕೋಳಿಯು ಬೆರಳನ್ನಾಡಿಸಿ ಗದರಿಸುತ್ತಿತ್ತು. ಅದಕ್ಕೂ ಒಂದು ತುಣುಕು ಸಿದ್ಧವಾಗಿತ್ತು! ಪ್ರೇಕ್ಷಕನ ಕೀಟಲೆಯನ್ನೂ ಮುಂಗಂಡು ಕೃತಿಯೊಳಕ್ಕೆ ಸೇರಿಸಿಕೊಂಡ ಈ ಜಾಣತನವು ಮೆಚ್ಚತಕ್ಕದ್ದೇ ಆದರೂ, ಇದರಲ್ಲಿ ಆಳುವವನು ಯಾರು, ಆಳು ಯಾರು ಎಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ. ೨೦೧೦ರಲ್ಲಿ ಟಿಪ್-ಎಕ್ಸ್ ಎಂಬ ಅಕ್ಷರ ಅಳಿಸುವ ಸಾಧನಕ್ಕಾಗಿ ಫ್ರಾನ್ಸಿನಲ್ಲಿ ತಯಾರಾದ ಕರಡಿ ಬೇಟೆಯ ವೀಡಿಯೋವು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇಟೆಗಾರನು ಚೌಕಟ್ಟಿನಿಂದ ಹೊರಕ್ಕೆ ಕೈಚಾಚಿ, ಪಕ್ಕದ ಜಾಹೀರಾತಿನಲ್ಲಿದ್ದ ಸಾಧನವನ್ನು ತೆಗೆದುಕೊಂಡು, ಶೀರ್ಷಿಕೆಯಲ್ಲಿದ್ದ 'ಗುಂಡು ಹಾರಿಸುವ' ಕ್ರಿಯಾಪದವನ್ನು ಅಳಿಸಿ, ಅಲ್ಲಿ ಬೇರೆ ಕ್ರಿಯಾಪದವನ್ನು ಬರೆಯೆಂದು ನೋಡುವವನನ್ನು ಕೇಳುತ್ತಾನೆ. ವಸ್ತುವಿನ ಗುಣವೂ ಕಥೆಯ ನಡೆಯೂ ಒಂದೇ ಆಗಿರುವುದರಿಂದ ನಾನು ಕಂಡ ಇಂಥ ಕೃತಿಗಳಲ್ಲಿ ಇದೇ ಉತ್ತಮವಾದುದೆಂದು ಹೇಳಲು ಸಂಕೋಚವಿಲ್ಲ.

ಆದರೆ ಈ ಕ್ಷೇತ್ರದ ದಿಕ್ಕನ್ನು ಬದಲಾಯಿಸಿದ್ದು ಕೋಳಿಯೂ ಅಲ್ಲ, ಕರಡಿಯೂ ಅಲ್ಲ; ಒಂದು ಗುಂಡಿ. ೨೦೧೦ರ ಡಿಸೆಂಬರಿನಲ್ಲಿ ಯೂಟ್ಯೂಬ್ ಸಂಸ್ಥೆಯು 'ಟ್ರೂವ್ಯೂ' ಎಂಬ ಹೆಸರಿನಿಂದ ಹೊಸ ಕ್ರಮವನ್ನು ಜಾರಿಗೆ ತಂದಿತು. ಐದು ಸೆಕೆಂಡುಗಳಾದ ಮೇಲೆ ಪ್ರೇಕ್ಷಕನು 'ಸ್ಕಿಪ್' ಗುಂಡಿಯನ್ನೊತ್ತಿ ಜಾಹೀರಾತನ್ನು ದಾಟಿಹೋಗಬಹುದು. ಮೂವತ್ತು ಸೆಕೆಂಡುಗಳವರೆಗೆ, ಅಥವಾ ಅದಕ್ಕಿಂತ ಚಿಕ್ಕದಾದರೆ ಕೊನೆಯವರೆಗೆ, ನೋಡಿದರೆ ಮಾತ್ರ ಜಾಹೀರಾತುದಾರನು ಹಣ ಕೊಡಬೇಕು. ಇದನ್ನು ಕೇವಲ ವಂಚನೆಯೆಂದು ತಳ್ಳಿಹಾಕುವ ವಿಮರ್ಶಕರೊಡನೆ ನನಗೆ ಸಹಮತವಿಲ್ಲ. ಎದ್ದುಹೋದ ದೂರದರ್ಶನದ ಪ್ರೇಕ್ಷಕನಿಂದ ಮಾರುವವನಿಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ಗುಂಡಿಯನ್ನೊತ್ತಿದ ಪ್ರೇಕ್ಷಕನ ನಿರಾಕರಣೆಗೆ ಒಂದು ಬೆಲೆ ಬಂದಿತು. ಅದೇ ವೇಳೆಗೆ ಆ ನಿರಾಕರಣೆಯೂ ಒಂದು ದಾಖಲೆಯಾಯಿತು. ಯಾವ ಸೆಕೆಂಡಿನಲ್ಲಿ ಎಷ್ಟು ಮಂದಿ ಬಿಟ್ಟುಹೋದರೆಂಬುದು ಜಾಹೀರಾತನ್ನು ರಚಿಸುವವನ ಮೇಜಿನ ಮೇಲೆ ಬಂದು ಬಿದ್ದಿತು.

ರಚನೆಕಾರನು ಅದನ್ನು ಓದಿ ಏನು ಮಾಡಿದನೆಂಬುದಕ್ಕೆ ೨೦೧೫ರ ಗೈಕೋ ವಿಮಾ ಸಂಸ್ಥೆಯ 'ಅನ್‌ಸ್ಕಿಪ್ಪಬಲ್' ಮಾಲೆಯು ಸಾಕ್ಷಿಯಾಗಿದೆ. ಒಂದು ಕುಟುಂಬವು ಊಟದ ಮೇಜಿನ ಸುತ್ತ ಕುಳಿತಿದೆ. ತಾಯಿಯು ವಿಮೆಯ ಉಳಿತಾಯದ ಮಾತನ್ನು ಆಡಿಮುಗಿಸುವಷ್ಟರಲ್ಲಿ ಎಲ್ಲರೂ ಇದ್ದಲ್ಲಿಯೇ ಸ್ತಬ್ಧರಾಗುತ್ತಾರೆ. ಜಾಹೀರಾತು ಮುಗಿದುಹೋಗಿದೆ, ಆದಕಾರಣ ಇದನ್ನು ದಾಟಿಹೋಗಲು ಸಾಧ್ಯವಿಲ್ಲವೆಂದು ನಿರೂಪಕನು ಸಾರುತ್ತಾನೆ. ಅಷ್ಟಕ್ಕೆ ಐದು ಸೆಕೆಂಡುಗಳು ಸಲ್ಲುತ್ತವೆ. ಆದರೆ ಚಿತ್ರವು ನಿಲ್ಲುವುದಿಲ್ಲ. ನಟರು ಉಸಿರು ಬಿಗಿಹಿಡಿದು ಸ್ತಬ್ಧಚಿತ್ರದಂತೆ ನಟಿಸುತ್ತಿರಲು, ಮನೆಯ ದೊಡ್ಡ ನಾಯಿಯೊಂದು ಮೇಜಿನ ಮೇಲೇರಿ ಅವರವರ ತಟ್ಟೆಗಳಲ್ಲಿದ್ದುದನ್ನೆಲ್ಲ ತಿನ್ನುತ್ತದೆ. ಕಾನ್ ಉತ್ಸವದಲ್ಲಿ ಆ ವರ್ಷದ ಜಾಹೀರಾತು ಚಿತ್ರಗಳ ಅತ್ಯುನ್ನತ ಬಹುಮಾನವು ಇದಕ್ಕೆ ದೊರೆಯಿತು. ಇದು ನಗಿಸುವ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದರ ರಚನೆಯನ್ನು ನೋಡಿರಿ: ಐದನೆಯ ಸೆಕೆಂಡಿನ ಮುಂಚಿನದು ಒಂದು, ಅನಂತರದ್ದು ಇನ್ನೊಂದು. ಮೊದಲನೆಯದು ಹೊರಟುಹೋಗುವ ಪ್ರೇಕ್ಷಕನಿಗೆ ಹೇಳಿದ್ದು. ಎರಡನೆಯದು ಕುತೂಹಲದಿಂದ ಉಳಿಯುವವನಿಗೆ. ನಾಟಕಕಾರನು ಅಂಕವನ್ನು ವಿಭಾಗಿಸುವುದು ಕಥೆಯ ಅಗತ್ಯಕ್ಕಾಗಿ. ಇಲ್ಲಿ ವಿಭಾಗವನ್ನು ನಿಗದಿಮಾಡಿದ್ದು ದರಪಟ್ಟಿ. ಕಥೆಯು ಮೆಲ್ಲನೆ ಬೆಳೆದು ಕೊನೆಯಲ್ಲಿ ವಸ್ತುವಿನ ಹೆಸರನ್ನು ಹೇಳುತ್ತಿದ್ದ ಹಳೆಯ ಜಾಹೀರಾತುಗಳ ಕ್ರಮವು ಇಲ್ಲಿ ತಲೆಕೆಳಗಾದುದಕ್ಕೆ ಕಾರಣವನ್ನು ಕಲಾವಿದರ ಅಭಿರುಚಿಯಲ್ಲಿ ಹುಡುಕುವುದು ವ್ಯರ್ಥ.

ಇನ್ನು ಗಳೆಗಳ ವೈವಿಧ್ಯವನ್ನು ಗಮನಿಸೋಣ. ಫೇಸ್‌ಬುಕ್ಕಿನಲ್ಲಿ ಮೂರು ಸೆಕೆಂಡು ಓಡಿದುದು ವೀಕ್ಷಣೆಯೆನಿಸಿತು. ಅಲ್ಲಿ ೨೦೧೩ರಿಂದ ವೀಡಿಯೋಗಳು ತಾವಾಗಿಯೇ ಚಲಿಸತೊಡಗಿದ್ದುವೆಂಬುದನ್ನು ಇದರ ಜೊತೆಗೆ ನೆನೆಯಬೇಕು. ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ ೨೦೧೪ರಲ್ಲಿ ಗೊತ್ತುಪಡಿಸಿದ ಪ್ರಮಾಣದಂತೆ, ಚಿತ್ರದ ಅರ್ಧಭಾಗವು ಎಡೆಬಿಡದೆ ಎರಡು ಸೆಕೆಂಡು ಪರದೆಯ ಮೇಲಿದ್ದರೆ ಜಾಹೀರಾತು ಕಾಣಿಸುವಂತಿತ್ತೆಂದು ಭಾವಿಸತಕ್ಕದ್ದು. ನೆಟ್‌ಫ್ಲಿಕ್ಸ್ ಸಂಸ್ಥೆಯು ಒಂದು ಕಂತಿನ ನೂರಕ್ಕೆ ಎಪ್ಪತ್ತರಷ್ಟನ್ನು ನೋಡಿದವರನ್ನು ಎಣಿಸುತ್ತಿದ್ದುದು ೨೦೨೦ರಲ್ಲಿ ಎರಡು ನಿಮಿಷಕ್ಕೆ ಇಳಿಯಿತು. ೨೦೨೧ರಲ್ಲಿ ಒಟ್ಟು ಗಂಟೆಗಳ ಲೆಕ್ಕವಾಯಿತು. ೨೦೨೩ರಲ್ಲಿ ಆ ಗಂಟೆಗಳನ್ನು ಕೃತಿಯ ಅವಧಿಯಿಂದ ಭಾಗಿಸಿದ ಲಬ್ಧವಾಯಿತು. ಟಿಕ್‌ಟಾಕ್ ನಮ್ಮ ದೇಶದಲ್ಲಿ ನಿಷಿದ್ಧವಾದ ೨೦೨೦ರಲ್ಲಿಯೇ, ಸೆಪ್ಟೆಂಬರಿನಲ್ಲಿ, ಯೂಟ್ಯೂಬ್ ತನ್ನ 'ಶಾರ್ಟ್ಸ್' ಎಂಬ ಕಿರುವೀಡಿಯೋಗಳನ್ನು ಮೊದಲು ಭಾರತದಲ್ಲಿಯೇ ಆರಂಭಿಸಿತು. ೨೦೨೫ರ ಮಾರ್ಚ್ ೩೧ರಿಂದ ಅವು ಚಲಿಸಲು ತೊಡಗಿದೊಡನೆಯೇ, ಮತ್ತೆ ಸುತ್ತಿ ಬಂದಾಗಲೂ, ಒಂದೊಂದು ವೀಕ್ಷಣೆಯೆಂದು ಎಣಿಸಲ್ಪಡುತ್ತವೆ. ಆ ದಿನಾಂಕದ ಹಿಂದಿನ ಅಂಕಿಯನ್ನೂ ಮುಂದಿನ ಅಂಕಿಯನ್ನೂ ಒಂದೇ ಕೋಷ್ಟಕದಲ್ಲಿ ಬರೆದು ಜನಪ್ರಿಯತೆಯು ಏರಿತೆಂದು ತೀರ್ಮಾನಿಸುವ ಸಂಶೋಧಕನು, ಗಳೆಯನ್ನು ಮೋಟುಮಾಡಿದ ಮೇಲೆ ಹೊಲವು ಬೆಳೆಯಿತೆಂದು ಹೇಳಿದವನಂತಾಗುತ್ತಾನೆ.

ಗಳೆಯ ತಿಳಿವಳಿಕೆಯಿಲ್ಲದೆ ಆಗಬಹುದಾದ ಹಾನಿಗೆ ೨೦೧೬ರ ಒಂದು ಪ್ರಸಂಗವು ನಿದರ್ಶನ. ಜಾಹೀರಾತುದಾರರಿಗೆ ತಾನು ಕೊಡುತ್ತಿದ್ದ 'ಸರಾಸರಿ ವೀಕ್ಷಣೆಯ ಅವಧಿ'ಯು ಎರಡು ವರ್ಷಗಳಿಂದ ತಪ್ಪಾಗಿದ್ದಿತೆಂದು ಆ ವರ್ಷದ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಒಪ್ಪಿಕೊಂಡಿತು. ತಪ್ಪು ಭಾಗಹಾರದಲ್ಲಿತ್ತು. ಒಟ್ಟು ಕಾಲವನ್ನು ನೋಡಿದವರೆಲ್ಲರ ಸಂಖ್ಯೆಯಿಂದ ಭಾಗಿಸುವುದಕ್ಕೆ ಬದಲಾಗಿ, ಮೂರು ಸೆಕೆಂಡಿಗೆ ಮಿಕ್ಕು ನೋಡಿದವರ ಸಂಖ್ಯೆಯಿಂದ ಭಾಗಿಸಿದ್ದರು. ನೂರು ಮಂದಿಯಲ್ಲಿ ಅರುವತ್ತು ಮಂದಿ ಒಂದೊಂದು ಸೆಕೆಂಡೂ, ಉಳಿದ ನಲವತ್ತು ಮಂದಿ ಹತ್ತು ಹತ್ತು ಸೆಕೆಂಡೂ ನೋಡಿದರೆಂದು ಭಾವಿಸೋಣ. ಒಟ್ಟು ಕಾಲವು ೪೬೦ ಸೆಕೆಂಡು. ನೂರರಿಂದ ಭಾಗಿಸಿದರೆ ಸರಾಸರಿಯು ೪.೬, ನಲವತ್ತರಿಂದ ಭಾಗಿಸಿದರೆ ೧೧.೫. ಬೇಸತ್ತು ಹೊರಟುಹೋದವರನ್ನು ಛೇದದಿಂದ ಬಿಟ್ಟುಬಿಟ್ಟರೆ ಉಳಿದವರ ಆಸಕ್ತಿಯು ಎಲ್ಲರ ಆಸಕ್ತಿಯಾಗಿ ತೋರುವುದು ಸಹಜ. ಅಂಕಿಯು ನೂರಕ್ಕೆ ಅರುವತ್ತರಿಂದ ಎಂಬತ್ತರಷ್ಟು ಉಬ್ಬಿದ್ದಿತೆಂದು ಆಗ ವರದಿಯಾಯಿತು. ಜಾಹೀರಾತುದಾರರು ಹೂಡಿದ ದಾವೆಯು ೨೦೧೯ರಲ್ಲಿ ನಾಲ್ಕು ಕೋಟಿ ಡಾಲರುಗಳ ರಾಜಿಯಲ್ಲಿ, ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆಯೇ, ಮುಗಿಯಿತು. ೨೦೧೭ರಲ್ಲಿ ಅಮೆರಿಕದ ಮೈಕ್, ವೋಕೇಟಿವ್, ಎಂ.ಟಿ.ವಿ. ನ್ಯೂಸ್ ಮೊದಲಾದ ಸುದ್ದಿಸಂಸ್ಥೆಗಳು ವೀಡಿಯೋವನ್ನು ನಂಬಿ ಬರೆಹಗಾರರನ್ನು ಕೆಲಸದಿಂದ ತೆಗೆದುದಕ್ಕೆ ಈ ಅಂಕಿಗಳೇ ಕಾರಣವೆಂದು ಹಲವರು ಬರೆದಿದ್ದಾರೆ. ತಪ್ಪು ಬಯಲಾದ ಮೇಲೆಯೇ ಆ ತೀರ್ಮಾನಗಳಾದುವಾದ್ದರಿಂದ, ಅಷ್ಟು ನೇರವಾದ ಕಾರ್ಯಕಾರಣ ಸಂಬಂಧವನ್ನು ನಾನು ಒಪ್ಪಲಾರೆ. ವೀಡಿಯೋವೇ ಮುಂದಿನ ಕಾಲದ ಭಾಷೆಯೆಂಬ ನಂಬಿಕೆಗೆ ಆ ಅಂಕಿಗಳು ಪೋಷಣೆಯನ್ನು ಕೊಟ್ಟುವೆಂದು ಹೇಳಿದರೆ ಸಾಕು.

ನಮ್ಮ ದೇಶಕ್ಕೆ ಸಂಬಂಧಿಸಿದ ಪ್ರಸಂಗವೂ ಒಂದುಂಟು. ೨೦೧೯ರ ಜುಲೈಯಲ್ಲಿ ಬಿಡುಗಡೆಯಾದ 'ಪಾಗಲ್' ಎಂಬ ಹಾಡಿನ ವೀಡಿಯೋವು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏಳೂವರೆ ಕೋಟಿ ವೀಕ್ಷಣೆಗಳನ್ನು ಗಳಿಸಿ ಜಗತ್ತಿನ ದಾಖಲೆಯನ್ನು ಮುರಿಯಿತೆಂದು ಸಾರಲಾಯಿತು. ಹಾಡನ್ನೇ ಜಾಹೀರಾತಾಗಿ ಹಣ ಕೊಟ್ಟು ತೋರಿಸಿದಾಗ ದೊರೆತ ವೀಕ್ಷಣೆಗಳೂ ಅದರಲ್ಲಿ ಸೇರಿದ್ದುವು. ಅದು ಆಗಿನ ನಿಯಮಕ್ಕೆ ವಿರುದ್ಧವಾಗಿರಲಿಲ್ಲ. ಬೇರೆ ದೇಶಗಳ ಸಂಗೀತ ಸಂಸ್ಥೆಗಳೂ ಹಾಗೆಯೇ ಮಾಡುತ್ತಿದ್ದುವು. ಆ ದಾಖಲೆಯನ್ನು ಯೂಟ್ಯೂಬ್ ಘೋಷಿಸಲಿಲ್ಲ. ಸೆಪ್ಟೆಂಬರಿನಲ್ಲಿ ನಿಯಮವನ್ನೇ ಬದಲಾಯಿಸಿ, ಹಣ ಕೊಟ್ಟು ಪಡೆದ ವೀಕ್ಷಣೆಗಳನ್ನು ಇಪ್ಪತ್ತನಾಲ್ಕು ಗಂಟೆಗಳ ದಾಖಲೆಗೆ ಪರಿಗಣಿಸುವುದಿಲ್ಲವೆಂದಿತು. ಮುಂದೊಂದು ದಿನ ೨೦೧೯ರ ಭಾರತೀಯರ ಸಂಗೀತಾಭಿರುಚಿಯನ್ನು ಕುರಿತು ಬರೆಯುವವರು ಆ ಏಳೂವರೆ ಕೋಟಿಯನ್ನು ಜನಗಣತಿಯ ಅಂಕಿಯಂತೆ ಉಲ್ಲೇಖಿಸುವ ಸಂಭವವಿದೆ. ಪ್ರಶಸ್ತಿಯಲ್ಲಿ ಹೇಳಿದ ಆನೆ ಕುದುರೆಗಳ ಸಂಖ್ಯೆಯನ್ನು ಸೈನ್ಯದ ಪಟ್ಟಿಯೆಂದು ನಂಬುವಂಥ ತಪ್ಪು ಅದಾಗುತ್ತದೆ.

ಹಾಗೆಂದು ಈ ಅಂಕಿಗಳನ್ನು ಬಿಟ್ಟೇಬಿಡಬೇಕೆಂದು ನಾನು ಹೇಳುತ್ತಿಲ್ಲ. ವರ್ತಕರ ಲೆಕ್ಕದ ಪುಸ್ತಕಗಳಿಂದ ಇತಿಹಾಸವನ್ನು ಬರೆದವರುಂಟು. ಅವರು ಅವನ್ನು ಲೆಕ್ಕದ ಪುಸ್ತಕಗಳೆಂದು ಅರಿತು ಓದಿದರು. ವೀಕ್ಷಣೆಯ ಅಂಕಿಯನ್ನು ಬಳಸುವ ವಿದ್ಯಾರ್ಥಿಯು ಅದನ್ನು ಯಾವ ದಿನ ನೋಡಿದನು, ಆ ದಿನ ಆ ಸಂಸ್ಥೆಯ ಗಳೆ ಯಾವುದಾಗಿತ್ತು, ಹಣ ಕೊಟ್ಟ ವೀಕ್ಷಣೆಗಳು ಅದರಲ್ಲಿ ಸೇರಿವೆಯೆ ಎಂಬುದನ್ನು ಬರೆಯುವಂತಾದರೆ ಅಷ್ಟರಮಟ್ಟಿಗೆ ಅದು ಸಾಕ್ಷ್ಯವಾಗುತ್ತದೆ.

ಇದಕ್ಕಿಂತ ಕಷ್ಟವಾದುದು ಕೃತಿಗಳ ಸಂರಕ್ಷಣೆಯ ಸಮಸ್ಯೆ. ಯೂಟ್ಯೂಬ್ ೨೦೧೯ರ ಜನವರಿಯಲ್ಲಿ ವೀಡಿಯೋಗಳ ಮೇಲಿನ ಒತ್ತುಪಟ್ಟಿಗಳನ್ನು ತೆಗೆದುಹಾಕಿದಾಗ, ಅವುಗಳ ಮೂಲಕ ಕವಲೊಡೆಯುತ್ತಿದ್ದ ಎಷ್ಟೋ ವೀಡಿಯೋಗಳು ಬರಿಯ ತುಣುಕುಗಳಾಗಿ ಉಳಿದುವು. ನೆಟ್‌ಫ್ಲಿಕ್ಸಿನ 'ಬ್ಯಾಂಡರ್‌ಸ್ನ್ಯಾಚ್' ಎಂಬ ಕವಲುಕಥೆಯು ೨೦೧೮ರ ಡಿಸೆಂಬರಿನಲ್ಲಿ ಹೊರಬಂದಿತು. ಅದರಲ್ಲಿ ಪ್ರೇಕ್ಷಕನು ಮಾಡಬೇಕಾದ ಮೊಟ್ಟಮೊದಲ ಆಯ್ಕೆಯು ಬೆಳಗಿನ ಉಪಾಹಾರದ ಎರಡು ನಿಜವಾದ ಸರಕುಗಳಾದ ಶುಗರ್ ಪಫ್ಸ್ ಮತ್ತು ಫ್ರಾಸ್ಟೀಸ್‌ಗಳ ನಡುವೆ. ಆರಿಸಿದ ಸರಕಿನ ಜಾಹೀರಾತೇ ಮುಂದೆ ಕಥೆಯೊಳಗಿನ ದೂರದರ್ಶನದಲ್ಲಿ ಕಾಣಿಸಿಕೊಳ್ಳುತ್ತದೆ. ೨೦೧೯ರಲ್ಲಿ ಮೈಕೇಲ್ ವೀಲ್ ಎಂಬ ಸಂಶೋಧಕರು ಐರೋಪ್ಯ ದತ್ತಾಂಶ ಸಂರಕ್ಷಣಾ ನಿಯಮದ ಮೇರೆಗೆ ವಿಚಾರಿಸಿದಾಗ, ತಾವು ಆ ಕಥೆಯಲ್ಲಿ ಮಾಡಿದ್ದ ಆಯ್ಕೆಗಳೆಲ್ಲವನ್ನೂ ಸಂಸ್ಥೆಯು ಕಾದಿರಿಸಿದ್ದುದು ಅವರಿಗೆ ತಿಳಿದುಬಂದಿತು. ೨೦೨೫ರ ಮೇ ತಿಂಗಳಲ್ಲಿ ಸಂಸ್ಥೆಯು ಆ ಕೃತಿಯನ್ನು ತನ್ನ ಸಂಗ್ರಹದಿಂದ ತೆಗೆದುಹಾಕಿತು. ಅದನ್ನು ಕುರಿತು ಇನ್ನು ಮುಂದೆ ಬರೆಯಬಯಸುವ ವಿದ್ಯಾರ್ಥಿಯು, ಅಲ್ಲಿ ಹೋಗಿ ಎರಡು ಉಪಾಹಾರಗಳಲ್ಲಿ ಒಂದನ್ನು ತಾನೇ ಆರಿಸಿ ನೋಡಲಾರದೆ, ನೋಡಿದವರ ವರ್ಣನೆಗಳನ್ನು ಕೂಡಿಸಿಕೊಂಡು ಕೆಲಸವನ್ನು ತೊಡಗಬೇಕಾಗಿದೆ.